ಇವ್ರೇ, ಸ್ವಲ್ಪ ನಿಲ್ರಿ

ಬಣಕಲ್‌ನಿಂದ ಒಳಗೆ ಹೋದರೆ ಸಿಗುವ ಆ ಎಸ್ಟೇಟಿನಲ್ಲಿ ಹೆಣ್ಣಾಳುಗಳ ಮೇಸ್ತ್ರಿಯಾಗಿದ್ದ ತಿಮ್ಮಮ್ಮನಿಗೆ ಒಂದೇ ಮಳೆಗಾಲದಲ್ಲಿ ಎರಡು ಮೊಣಕಾಲೂ ಕೈಕೊಟ್ಟವು. ಈ ವರ್ಷ ಒಂದು, ಬರುವ ವರ್ಷ ಇನ್ನೊಂದು ಅಂತ ಸರದಿಯ ಮೇಲೆ ಕೊಟ್ಟಿದ್ದರೆ ಅವಳು ಹೇಗೋ ಸುಧಾರಿಸಿಕೊಳ್ಳುತ್ತಿದ್ದಳು. ಅವಳ ಗ್ಯಾಂಗು ಕೆಲಸ ಮಾಡುವುದು ಗುಡ್ಡದ ನೆತ್ತಿಗಿದ್ದ ಮೇಲಿನ ಬ್ಲಾಕಿನಲ್ಲಿ. ಅಲ್ಲಿಗೆ ದಾರಿ ಕಡಿದ ಪುಣ್ಯಾತ್ಮ ಯಾರೋ, ಮೊಣಕಾಲು ನೋವೆಂದರೆ ಏನೆಂದೇ ತಿಳಿಯದವನಿರಬೇಕು.

ತೋಟದ ಯಜಮಾನ ಪ್ರಶಾಂತ್, ಆಳುಗಳ ಬಾಯಲ್ಲಿ ‘ಸಣ್ಣಯ್ಯ’, ಕೆಟ್ಟವನಲ್ಲ. ಅವನ ತೊಂದರೆಯೆಂದರೆ ಯಾವಾಗಲೂ ಒಳ್ಳೆಯದನ್ನು ಮಾಡಲು ಹೊರಡುವುದು.

“ತಿಮ್ಮಮ್ಮ, ಇನ್ನು ಗುಡ್ಡ ಹತ್ತೋದು ಬ್ಯಾಡ. ಗೋಡೌನಲ್ಲಿ ಕೂತು ಬೀಜ ಆರಿಸು. ನಿಂಗೆ ಅಂತಾನೇ ಒಂದು ಫ್ಯಾನ್ ಹಾಕಿಸ್ತೀನಿ” ಅಂದ.

ಆ ಫ್ಯಾನಿನ ಮಾತು ಕೇಳಿ ತಿಮ್ಮಮ್ಮನ ಮೈಯೆಲ್ಲ ಉರಿದುಹೋಯಿತು. ಗೋಡೌನಿನಲ್ಲಿ ಕೂತು ಕಪ್ಪು ಬೀಜ ಆರಿಸುವವರೆಲ್ಲ ಕೈಲಾಗದವರು. ಅವರ ಮಾತನ್ನು ಬೀಜ ಕೂಡ ಕೇಳುವುದಿಲ್ಲ. ಮೇಲಿನ ಬ್ಲಾಕಿನಲ್ಲಿ ಅವಳು ಒಂದು ಕೂಗು ಹಾಕಿದರೆ ಎಲೆಯಡಿಕೆ ಜಗಿಯುತ್ತಿದ್ದ ಬಾಯಿಗಳೆಲ್ಲ ನಿಂತುಬಿಡುತ್ತಿದ್ದವು. ಅದನ್ನು ಬಿಟ್ಟುಕೊಟ್ಟು ಫ್ಯಾನಿನ ಕೆಳಗೆ ಕೂರುವುದಕ್ಕಿಂತ ಗುಡ್ಡದ ದಾರಿಯಲ್ಲಿ ತೆವಳಿಕೊಂಡು ಹೋಗುವುದೇ ವಾಸಿ ಎಂದುಕೊಂಡಳು.

“ಹೆಂಗಾದ್ರೂ ಹತ್ತೇ ಹತ್ತೀನಿ ಸಣ್ಣಯ್ಯ.”

“ಹೆಂಗೆ ಹತ್ತೀಯ? ಕುದುರೆ ಮೇಲಾ?” ಎಂದು ಪ್ರಶಾಂತ್ ನಕ್ಕ.

ನಗುವಂಥದ್ದೇನೂ ಇರಲಿಲ್ಲ, ತೋಟದಲ್ಲಿ ನಿಜಕ್ಕೂ ಒಂದು ಕುದುರೆ ಇತ್ತು. ಹೋಮ್‌ಸ್ಟೇಗೆ ಬರುವವರು ಸವಾರಿ ಮಾಡಲಿ ಅಂತ ಪ್ರಶಾಂತನೇ ಅದನ್ನು ಚಿಕ್ಕಮಗಳೂರಿನಿಂದ ಲಾರಿಯಲ್ಲಿ ತರಿಸಿದ್ದ. ಅದಕ್ಕೆ ಕೃಷ್ಣ ಎಂದು ಹೆಸರಿಟ್ಟು, ಗೇಟಿನಲ್ಲಿ ‘ಕೃಷ್ಣನ ಬೆನ್ನೇರಿ ಕಾಫಿ ತೋಟ ನೋಡಿ’ ಎಂದು ದೊಡ್ಡ ಬೋರ್ಡು ಬರೆಸಿದ್ದ. ಬಂದವರು ಬೋರ್ಡಿನ ಜೊತೆ ಫೋಟೊ ತೆಗೆಸಿಕೊಂಡರು, ಅಕ್ಕಿರೊಟ್ಟಿ ತಿಂದರು, ಹೋದರು. ಧೈರ್ಯ ಮಾಡಿ ಹತ್ತಲು ಹೋದ ಒಬ್ಬನ ಟೋಪಿಯನ್ನು ಕುದುರೆ ತಿಂದುಹಾಕಿತು. ಅಲ್ಲಿಂದ ಮುಂದೆ ಅದು ಹಳೇ ಜೀಪ್ ಶೆಡ್ಡಿನಲ್ಲಿ ನಿಂತು ಹುಲ್ಲು ತಿನ್ನುವುದನ್ನೇ ಉದ್ಯೋಗ ಮಾಡಿಕೊಂಡಿತ್ತು.

“ಹೂಂ, ಕುದುರೆ ಮೇಲೇ” ಅಂದಳು ತಿಮ್ಮಮ್ಮ.

ಪ್ರಶಾಂತನ ನಗು ಅರ್ಧಕ್ಕೇ ನಿಂತಿತು. ಕೊನೆಗೆ ಮಾತಾಯಿತು. ಹಣ್ಣು ಕೊಯ್ಲು ಮುಗಿಯುವುದರೊಳಗೆ ಅವಳು ಅವನ ಕಣ್ಣೆದುರೇ ಕುದುರೆಯ ಮೇಲೆ ಮೇಲಿನ ಬ್ಲಾಕಿಗೆ ಹೋಗಿ ವಾಪಸು ಬರಬೇಕು. ಬಂದರೆ ಮೇಸ್ತ್ರಿಕೆ ಅವಳದೇ, ಇಲ್ಲದಿದ್ದರೆ ಫ್ಯಾನು.

ಕಲಿಸಲು ಸಿಕ್ಕಿದವನು ಜಿಯಾಉದ್ದೀನ್, ಬಣಕಲ್‌ನಲ್ಲಿ ಜೀಪು ರಿಪೇರಿ ಮಾಡುವವನು. ಅವನ ಅಪ್ಪ ಚಿಕ್ಕಮಗಳೂರಿನಲ್ಲಿ ಜಟಕಾ ಹೊಡೆಯುತ್ತಿದ್ದ. ಕುದುರೆಯ ವಿಷಯವನ್ನು ಜಿಯಾಉದ್ದೀನ್ ಕಲಿತದ್ದೆಲ್ಲ ಅಪ್ಪನ ಪಕ್ಕದಲ್ಲಿ, ಗಾಡಿಯ ಮೇಲೆ ಕೂತು. ಹಾಗಾಗಿ ಕುದುರೆಯ ಹಿಂಭಾಗದ ಬಗ್ಗೆ ಅವನ ಜ್ಞಾನ ಅಪಾರ. ಬಾಲದ ಒಂದು ಅಲುಗಾಟ ನೋಡಿ ಅದಕ್ಕೆ ಹಸಿವೋ, ಸಿಟ್ಟೋ, ಬರೀ ನೊಣವೋ ಹೇಳಿಬಿಡುತ್ತಿದ್ದ. ಮುಂಭಾಗಕ್ಕೆ ಬಂದರೆ ಮಾತ್ರ ಗುರುತಿಲ್ಲದವರ ಮನೆ ಬಾಗಿಲಲ್ಲಿ ನಿಂತವನಂತೆ ಸಂಕೋಚಪಡುತ್ತಿದ್ದ.

“ಮೊದಲನೇ ಪಾಠ ಕೇಳಿ ತಿಮ್ಮಮ್ಮ. ಹಿಂದಿನಿಂದ ಹೋಗಂಗಿಲ್ಲ, ಅದಕ್ಕೆ ಕಾಣಲ್ಲ. ಹೆದರಿ ಒದೀತದೆ. ಪಕ್ಕದಿಂದ ಬರ್ಬೇಕು. ಬರೋ ಮುಂಚೆ ಹೆಸರು ಹಿಡಿದು ಕರೀಬೇಕು. ಆಮೇಲೆ ಕುತ್ತಿಗೆ ಮೇಲೆ ಕೈ. ಎಲ್ಲಿ, ಕರೀರಿ ನೋಡಣ.”

ತಿಮ್ಮಮ್ಮ ಬಾಯಿ ತೆರೆದಳು, ಮುಚ್ಚಿದಳು.

“ಎಂತಾಯ್ತು?”

“ಹೆಸರು ಹೇಳಕ್ಕಾಗಲ್ಲ ಭಾಯಿ.”

“ಯಾಕೆ?”

“ಅದು ಅವರ ಹೆಸರು.”

ಅವರು ಎಂದರೆ ತಿಮ್ಮಮ್ಮನ ತೀರಿಹೋದ ಗಂಡ ಕೃಷ್ಣಪ್ಪ. ಮದುವೆಯಾದ ದಿನದಿಂದ ಆ ಹೆಸರು ಅವಳ ಬಾಯಿಂದ ಹೊರಬಿದ್ದಿರಲಿಲ್ಲ. ದೇವರ ಹೆಸರು ಹೇಳುವ ಪ್ರಸಂಗ ಬಂದರೂ ‘ಬೆಣ್ಣೆ ಕದಿಯೋನು’ ಎಂದೇ ಹೇಳುತ್ತಿದ್ದಳು. ರೇಷನ್ ಕಾರ್ಡಿನವನು ಗಂಡನ ಹೆಸರು ಕೇಳಿದಾಗಲೂ ಹಾಗೇ ಹೇಳಿದ್ದಕ್ಕೆ, ಯಾವ ಠಾಣೆಯಲ್ಲಿ ಕೇಸು ಎಂದು ಅವನು ಗಾಬರಿಯಾಗಿದ್ದ.

ಕುದುರೆಯ ಹೆಸರು ಬದಲಿಸಿ ಎಂದು ಕೇಳಿದ್ದೂ ಆಯಿತು. ಬೋರ್ಡು ಬರೆಸಿಯಾಗಿದೆ, ಇನ್‌ಸ್ಟಾಗ್ರಾಂನಲ್ಲಿ ಹಾಕಿಯಾಗಿದೆ, ಸಾಧ್ಯವೇ ಇಲ್ಲ ಎಂದ ಪ್ರಶಾಂತ್. ಕುದುರೆ ಹೆಸರು ಬದಲಿಸಿದರೆ ಗಾಡಿ ಪಲ್ಟಿಯಾಗುತ್ತದೆಂದು ತನ್ನ ಅಪ್ಪ ಹೇಳುತ್ತಿದ್ದ ಎಂದ ಜಿಯಾಉದ್ದೀನ್. ಇಲ್ಲಿ ಗಾಡಿ ಎಲ್ಲಿದೆ ಎಂದು ತಿಮ್ಮಮ್ಮ ಕೇಳಿದ್ದಕ್ಕೆ, ಅದೇ ಇನ್ನೂ ಅಪಾಯ, ಗಾಡಿ ಇಲ್ಲದೆ ಪಲ್ಟಿಯಾದರೆ ನೇರ ತಲೆಗೇ ಪೆಟ್ಟು ಎಂದುಬಿಟ್ಟ.

ಹೆಸರು ಹೇಳದೆ ಹತ್ತಿರ ಹೋಗಲು ಅವಳು ಏನೇನೋ ಮಾಡಿ ನೋಡಿದಳು. ಕೆಮ್ಮಿದಳು. ಬಳೆ ಕುಲುಕಿದಳು. ಕೊನೆಗೆ ಸೀನಿದಳು. ಸೀನಿಗೆ ಬೆಚ್ಚಿದ ಕುದುರೆ ಒದ್ದ ಒದೆತಕ್ಕೆ ಪ್ಲಾಸ್ಟಿಕ್ ಬಕೆಟ್ಟೊಂದು ಹಾರಿ, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಮಾಡಿನ ಮೇಲೆ ಕೂತಿತು. ಈಗಲೂ ಅಲ್ಲೇ ಇದೆ, ಇಳಿಸಲು ಯಾರಿಗೂ ಪುರುಸೊತ್ತಾಗಿಲ್ಲ.

ಸೋತ ತಿಮ್ಮಮ್ಮ ಕಟ್ಟೆಯ ಮೇಲೆ ಕುಳಿತು ಲೋಟಕ್ಕೆ ಬೆಲ್ಲದ ಕಾಫಿ ಬಗ್ಗಿಸಿಕೊಂಡಳು. ಮೊಣಕಾಲು ತಿಕ್ಕಿಕೊಳ್ಳುತ್ತ ಆಚೆ ನೋಡಿ ಈಚೆ ನೋಡುವಷ್ಟರಲ್ಲಿ ಕುದುರೆ ಲೋಟಕ್ಕೆ ಮೂತಿ ಹಾಕಿತ್ತು. ಬಾಯಿಗೆ ಬಂದದ್ದು ಬಂದುಬಿಟ್ಟಿತು:

“ಇವ್ರೇ, ಅದು ನಂದು!”

ಕುದುರೆ ತಲೆಯೆತ್ತಿತು. ಕಿವಿ ಎರಡೂ ಮುಂದಕ್ಕೆ ಮಾಡಿ ಅವಳನ್ನೇ ನೋಡಿತು.

ಆ ಕೂಗಿಗೆ ಒಬ್ಬರು ತಿರುಗಿ ನೋಡಿದ್ದು ತಿಮ್ಮಮ್ಮನ ಬದುಕಿನಲ್ಲಿ ಇದೇ ಮೊದಲು. ಕೃಷ್ಣಪ್ಪ ಒಳ್ಳೆಯವನೇ. ಕುಡಿದು ಹೊಡೆದವನಲ್ಲ, ಸಂತೆಗೆ ಹೋದರೆ ಬೆಂಡು ಬತ್ತಾಸು ಕಟ್ಟಿಸದೆ ಬಂದವನಲ್ಲ. ಆದರೆ ದಾರಿಯಲ್ಲಿ ಮಾತ್ರ ಯಾರೋ ಅಟ್ಟಿಸಿಕೊಂಡು ಬರುತ್ತಿರುವಂತೆ ನಡೆಯುತ್ತಿದ್ದ. ತಲೆಯ ಮೇಲೆ ಚೀಲ ಹೊತ್ತ ತಿಮ್ಮಮ್ಮ ಹಿಂದಿನಿಂದ “ಇವ್ರೇ, ಸ್ವಲ್ಪ ನಿಲ್ರಿ” ಎನ್ನುತ್ತ ಏದುಸಿರು ಬಿಡುತ್ತಿದ್ದಳು. ಅವನು ಒಂದು ಸಲವೂ ನಿಲ್ಲಲಿಲ್ಲ. ಸಾಯುವಾಗಲೂ ಹಾಗೇ, ಹೇಳದೆ ಕೇಳದೆ ಮುಂದೆ ಹೋಗಿಬಿಟ್ಟ. ಅದಕ್ಕೆ ಅವಳಿಗೆ ದುಃಖ ಎಷ್ಟಿತ್ತೋ ಸಿಟ್ಟೂ ಅಷ್ಟೇ ಇತ್ತು.

“ಇವ್ರೇ...” ಎಂದು ಮೆಲ್ಲಗೆ ಮತ್ತೊಮ್ಮೆ ಕರೆದು ನೋಡಿದಳು. ಕುದುರೆ ಎರಡು ಹೆಜ್ಜೆ ಮುಂದೆ ಬಂದು ಅವಳ ಭುಜದ ಹತ್ತಿರ ಮೂಸಿತು. ಜಿಯಾಉದ್ದೀನ್ ಹಿಂದಿನಿಂದ ಬಾಲವನ್ನು ಪರೀಕ್ಷಿಸಿ, “ಖುಷಿಯಾಗಿದೆ” ಎಂದು ವರದಿ ಕೊಟ್ಟ.

ಅಲ್ಲಿಂದ ಪಾಠ ಸುಸೂತ್ರವಾಯಿತು. ಬೆಲ್ಲ ಕೊಡುವಾಗ ಅಂಗೈ ಚಪ್ಪಟೆ ಇಡಬೇಕು, ಇಲ್ಲದಿದ್ದರೆ ಬೆಲ್ಲದ ಜೊತೆ ಬೆರಳೂ ಹೋಗುತ್ತದೆ. ಜೀನಿನ ಹೊಟ್ಟೆಪಟ್ಟಿ ಬಿಗಿಯುವಾಗ ಕುದುರೆ ಉಸಿರು ಹಿಡಿದು ಹೊಟ್ಟೆ ಉಬ್ಬಿಸಿಕೊಳ್ಳುತ್ತದೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು ಸಲ ಬಿಗಿಯಬೇಕು. “ಚಕ್ರದ ನಟ್ಟು ಹಂಗೇ ಅಲ್ವಾ, ಎರಡನೇ ಸಲ ಟೈಟ್ ಮಾಡ್ದೆ ಗಾಡಿ ಬಿಟ್ರೆ ದೇವ್ರೇ ಗತಿ” ಎಂದ ಜಿಯಾಉದ್ದೀನ್. ಹಿಮ್ಮಡಿ ಕೆಳಗಿರಬೇಕು, ಲಗಾಮು ಬಟ್ಟೆ ಒಣಹಾಕುವ ಹಗ್ಗದಂತೆ ಜಗ್ಗಬಾರದು, ಹತ್ತುವಾಗ ಮುಂದಕ್ಕೆ ಬಾಗಬೇಕು, ಇಳಿಯುವಾಗ ಬೆನ್ನು ನೆಟ್ಟಗಿಡಬೇಕು. ತಲೆಗೆ ಅವನ ಸ್ಕೂಟರಿನ ಹೆಲ್ಮೆಟ್ಟು. ತೋಟದ ಹೆಂಗಸರೆಲ್ಲ ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ಹಾಕುವುದು ವಾಡಿಕೆ. ತಿಮ್ಮಮ್ಮನ ಮೈಮೇಲಿದ್ದದ್ದು ಕೃಷ್ಣಪ್ಪನ ಅಂಗಿ. ಈಗ ಸೀರೆಯ ಒಳಗೆ ಅವನ ಪ್ಯಾಂಟೂ ಸೇರಿತು.

ಲಾರಿಗೆ ಮೂಟೆ ಹೇರುವ ಕಟ್ಟೆಯ ಮೇಲೆ ನಿಂತು “ಇವ್ರೇ, ಹತ್ತಲಾ?” ಎಂದು ಕೇಳಿಯೇ ಅವಳು ಹತ್ತುತ್ತಿದ್ದಳು. ಮೊದಮೊದಲು ಭಯದಲ್ಲಿ ಕಣ್ಣು ಮುಚ್ಚಿಕೊಂಡೇ ಕೂರುತ್ತಿದ್ದಳು. “ಕುದುರೆ ಕಿವಿ ನೋಡ್ಬೇಡಿ, ಹೋಗೋ ಜಾಗ ನೋಡಿ” ಎಂದು ಜಿಯಾಉದ್ದೀನ್ ಗದರಿದ ಮೇಲೆ ಕಣ್ಣು ಬಿಟ್ಟಳು.

ಆಯುಷ್ಯವಿಡೀ ಅವಳು ಕಾಫಿ ಗಿಡಗಳನ್ನು ಕೆಳಗಿನಿಂದ ನೋಡಿದ್ದಳು. ರೆಂಬೆ ಬಗ್ಗಿಸಿ, ಕತ್ತೆತ್ತಿ, ಕಣ್ಣಿಗೆ ಎಲೆಯ ನೀರು ಬೀಳಿಸಿಕೊಂಡು. ಗಿಡಗಳ ನೆತ್ತಿಯನ್ನು ನೋಡಿದ್ದು ಅವತ್ತೇ. ಗುಡ್ಡದುದ್ದಕ್ಕೂ ಹಸಿರು ನೆತ್ತಿಗಳು, ಅಲ್ಲಲ್ಲಿ ಹಣ್ಣಿನ ಕೆಂಪು, ಮೇಲೆ ಸಿಲ್ವರ್ ಓಕ್ ಮರಗಳ ನಡುವಿನಿಂದ ಬೀಳುವ ಬಿಸಿಲು. ಇದನ್ನು ಇಷ್ಟು ವರ್ಷ ಬರೀ ಹಕ್ಕಿಗಳಿಗೆ ಬಿಟ್ಟುಕೊಟ್ಟಿದ್ದೆನಲ್ಲ ಎಂದು ಅವಳಿಗೆ ಅಳು ಬಂತು. ಅಳುತ್ತಿರುವಾಗಲೇ ಗ್ಯಾಂಗಿನ ಬಸಮ್ಮನ ಸಾಲಿನ ಗಿಡಗಳ ತುದಿಯಲ್ಲಿ ಕೊಯ್ಯದೆ ಬಿಟ್ಟ ಹಣ್ಣುಗಳು ಕಂಡವು.

“ಏ ಬಸೂ! ತುದೀಲಿರೋದನ್ನ ಯಾರು, ನಿನ್ನಜ್ಜ ಬಂದು ಕೊಯ್ತಾನಾ?”

ಗ್ಯಾಂಗಿನ ಹೆಂಗಸರಿಗೆ ಅವತ್ತೇ ಗೊತ್ತಾಯಿತು, ತಮಗೆ ಗ್ರಹಚಾರ ವಕ್ರಿಸಿದೆ ಎಂದು. ಕುದುರೆಯ ಮೇಲಿನಿಂದ ಎಲ್ಲ ಕಾಣುತ್ತಿತ್ತು: ಗಿಡದ ಹಿಂದೆ ಕೂತು ಮೊಬೈಲಿನಲ್ಲಿ ಮಾತಾಡುವವಳು, ಚೀಲದ ತಳಕ್ಕೆ ಎಲೆ ತುಂಬುವವಳು, ನಿಂತಲ್ಲೇ ನಿದ್ದೆ ಹೊಡೆಯುವವಳು.

ಸೇಡು ತೀರಿಸಿಕೊಳ್ಳಲು ಬಸಮ್ಮ ತಮಾಷೆ ಶುರುಮಾಡಿದಳು. “ಯಜಮಾನ್ರದ್ದು ತಿಂಡಿ ಆಯ್ತಾ ಮೇಸ್ತ್ರಮ್ಮ?” ಎಂದು ಕುದುರೆಯ ಕಡೆ ಕೈ ತೋರಿಸಿ ಕೇಳಿದಳು. ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು.

ಆದರೆ ತಮಾಷೆಗೂ ಒಂದು ಗುಣವಿದೆ, ದಿನಾ ಮಾಡಿದರೆ ಅಭ್ಯಾಸವಾಗುತ್ತದೆ. ಒಂದು ವಾರ ಕಳೆಯುವಷ್ಟರಲ್ಲಿ ನಗುವುದು ನಿಂತು ಕೇಳುವುದು ಮಾತ್ರ ಉಳಿಯಿತು. ಕುದುರೆ ಎದುರು ಬಂದರೆ ಹೆಂಗಸರು ಸೆರಗು ಸರಿಮಾಡಿಕೊಂಡು ದಾರಿಬಿಟ್ಟು ನಿಲ್ಲತೊಡಗಿದರು. ಅದರ ಮುಂದೆ ಎಲೆಯಡಿಕೆ ಉಗುಳುವುದು ನಿಂತಿತು. ರೈಟರ್ ವಿಶ್ವನಾಥ್ ಓದು ಬರಹ ಬಲ್ಲವನು, ಹಾಜರಿ ಕರೆಯುವುದು, ಹಣ್ಣು ತೂಗುವುದು ಅವನ ಕೆಲಸ. ಅವನೂ ಒಂದು ದಿನ ಕುದುರೆ ಬರುವುದನ್ನು ಕಂಡು ಬೀಡಿ ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ. ಆಮೇಲೆ ಯಾಕೆ ಮುಚ್ಚಿಟ್ಟೆನೆಂದು ಅವನಿಗೇ ತಿಳಿಯಲಿಲ್ಲ. ಮೂಟೆ ಹೊರುವ ಚಿಕ್ಕಯ್ಯ ಮಗಳ ಮದುವೆಯ ಕಾಗದ ತಂದುಕೊಟ್ಟಾಗ ಲಕೋಟೆಯ ಮೇಲೆ ‘ಮೇಸ್ತ್ರಿ ತಿಮ್ಮಮ್ಮ ಮತ್ತು ಯಜಮಾನರು’ ಎಂದು ಬರೆದಿತ್ತು. ತಿಮ್ಮಮ್ಮ ಓದಿಸಿಕೊಂಡು, “ಅವ್ರಿಗೆ ಛತ್ರದ ಊಟ ಆಗ್ಬರಲ್ಲ, ನಾನೊಬ್ಳೇ ಬರ್ತೀನಿ” ಅಂದಳು. ಅವಳೂ ನಗಲಿಲ್ಲ, ಚಿಕ್ಕಯ್ಯನೂ ನಗಲಿಲ್ಲ.

ಸಂಜೆ ನಾಲ್ಕೂವರೆಗೆ ವಿಶ್ವನಾಥ್ ಕಣದಲ್ಲಿ ನೇತುಹಾಕಿದ್ದ ರೈಲುಹಳಿಯ ತುಂಡನ್ನು ಬಾರಿಸುತ್ತಿದ್ದ. ಗ್ಯಾಂಗು ಕೆಲಸ ನಿಲ್ಲಿಸಿ, ಹಣ್ಣಿನ ಚೀಲ ಹೊತ್ತು, ತೂಕಕ್ಕೆ ಸಾಲು ನಿಲ್ಲುತ್ತಿತ್ತು. ಎಲ್ಲರ ತೂಕವಾದ ಮೇಲೆ ತಿಮ್ಮಮ್ಮ ಕುದುರೆಗೆ ಬೆಲ್ಲ ಕೊಡುವುದು. ಇದು ಕುದುರೆಗೆ ಅರ್ಥವಾಗಿತ್ತು. ಗಂಟೆ ಬಿದ್ದದ್ದೇ ಎಲ್ಲಿದ್ದರೂ ಬಂದು, ಸಾಲಿನಲ್ಲಿ ಬಸಮ್ಮನ ಹಿಂದೆ ನಿಂತು, ತನ್ನ ಸರದಿಗೆ ಕಾಯುತ್ತಿತ್ತು. ಒಂದು ದಿನವೂ ಸಾಲು ಮುರಿದು ನುಗ್ಗಿದ್ದಿಲ್ಲ. ಆ ಮಾತು ಬಸಮ್ಮನ ಬಗ್ಗೆ ಹೇಳಲಾಗದು.

ಪರೀಕ್ಷೆಯ ದಿನ ಪ್ರಶಾಂತ್ ಬೆಳಿಗ್ಗೆ ಬರುತ್ತೇನೆಂದವನು ಬಂದದ್ದು ಸಂಜೆಗೆ, ಹೋಮ್‌ಸ್ಟೇಯ ನಾಲ್ಕಾರು ಜನರನ್ನು ಕಟ್ಟಿಕೊಂಡು. ತಿಮ್ಮಮ್ಮ ಹೆಲ್ಮೆಟ್ಟು ಹಾಕಿ, ಪಟ್ಟಿ ಎರಡು ಸಲ ಬಿಗಿದು, ಕೇಳಿ ಹತ್ತಿದಳು. ಮೇಲಿನ ಬ್ಲಾಕಿಗೆ ಹೋದಳು. ಅಲ್ಲಿಂದ ಒಬ್ಬಳನ್ನು ಬೈದದ್ದು ಕೆಳಗಿದ್ದ ಎಲ್ಲರಿಗೂ ಕೇಳಿಸಿತು. ಬೆನ್ನು ನೆಟ್ಟಗಿಟ್ಟುಕೊಂಡು ಇಳಿದು ಬಂದಳು. ಬಂದವರು ಚಪ್ಪಾಳೆ ತಟ್ಟಿದರು. ಜಿಯಾಉದ್ದೀನ್ ಕಣ್ಣೊರೆಸಿಕೊಂಡ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಪ್ರಶಾಂತನಿಗೆ ಹುರುಪು ಬಂತು.

“ಇಳಿ ತಿಮ್ಮಮ್ಮ, ನಾನೊಂದು ರೌಂಡು ಹೋಗ್ತೀನಿ.”

“ಅವ್ರು ಬೇರೆಯವ್ರ ಮಾತು ಕೇಳಲ್ಲ ಸಣ್ಣಯ್ಯ.”

“ಯಾರವ್ರು? ಕುದುರೆನಾ? ನಾನು ಹೇಳಿದ್ದೂ ಕೇಳಬೇಕು ಮಾರಾಯ್ತಿ. ನಿನ್ನೊಬ್ಳಿಗೆ ಅಂತ ಕುದುರೆ ಸಾಕಕ್ಕಾಗ್ತದಾ? ಕೇಳಿಲ್ಲ ಅಂದ್ರೆ ನಾಳೇನೇ ಮಾರ್ತೀನಿ. ಆಮೇಲೆ ನೀನು ಗುಡ್ಡ ಹತ್ತೋದು ಹೆಂಗೆ?”

ತಿಮ್ಮಮ್ಮ ಇಳಿದಳು. ಕುದುರೆಯ ಕಿವಿಯ ಹತ್ತಿರ, “ಇವ್ರೇ, ಒಂದೇ ಒಂದ್ಸಲ. ನನ್ ಮರ್ಯಾದೆ ಉಳಿಸಿ” ಅಂದಳು. ಪ್ರಶಾಂತ್ ಹತ್ತಿ ಕುಳಿತ. ಪಟ್ಟಿ ಮತ್ತೊಮ್ಮೆ ನೋಡುತ್ತೇನೆಂದ ಜಿಯಾಉದ್ದೀನನಿಗೆ, ವಿಡಿಯೋದಲ್ಲಿ ಎಲ್ಲ ನೋಡಿದ್ದೇನೆಂದ. ಕುದುರೆ ಅವಳ ಮರ್ಯಾದೆ ಉಳಿಸಿತು. ಅಂಗಳದಲ್ಲಿ ಗಂಭೀರವಾಗಿ ನಡೆಯಿತು. ಪ್ರಶಾಂತ್ ಒಂದು ಕೈಬಿಟ್ಟು ಫೋಟೊಗೆ ನಕ್ಕ.

ಅಷ್ಟರಲ್ಲಿ ವಿಶ್ವನಾಥ್ ನಾಲ್ಕೂವರೆ ಬಾರಿಸಿದ.

ಬೆಲ್ಲದ ಹೊತ್ತು. ಕುದುರೆ ಕಣದ ಕಡೆ ತಿರುಗಿತು, ಬೆನ್ನ ಮೇಲಿನ ಹೊಸ ಭಾರವನ್ನು ಆದಷ್ಟು ಬೇಗ ತೂಗಿಸಿ ಇಳಿಸಿಬಿಡಬೇಕು ಎಂದುಕೊಂಡಿತೋ ಏನೋ, ಓಟ ಕಿತ್ತಿತು. ಪ್ರಶಾಂತ್ ಲಗಾಮು ಬಿಟ್ಟು ಅದರ ಕುತ್ತಿಗೆಯನ್ನು ತಬ್ಬಿಕೊಂಡ. “ಕೃಷ್ಣಾ! ಸ್ಟಾಪ್! ಕೃಷ್ಣಾ!” ಎಂದು ಅವನು ಕೂಗಿದ್ದು ಕುದುರೆಗೆ ಯಾವ ಲೆಕ್ಕಕ್ಕೂ ಬರಲಿಲ್ಲ. ಎದುರಿಗೆ ಕಣದಲ್ಲಿ, ಮೇಸ್ತ್ರಿಯ ಬೆನ್ನಿಗೇ ಇಳಿದು ಬಂದಿದ್ದ ಹೆಂಗಸರು ಗಂಟೆಗೂ ಮುಂಚೆಯೇ ಚೀಲ ಹೊತ್ತು ಸಾಲು ನಿಂತಿದ್ದರು, ಕುದುರೆಗೆ ಬೆನ್ನು ಹಾಕಿಕೊಂಡು.

ತಿಮ್ಮಮ್ಮ ಮೂಟೆ ಹೇರುವ ಕಟ್ಟೆಯ ಮೇಲಿದ್ದಳು. ಓಡುವ ಕಾಲಲ್ಲ.

“ಹೆಸರು ಹಿಡಿದು ಕರೀರಿ ತಿಮ್ಮಮ್ಮಾ! ಮೊದಲನೇ ಪಾಠ!” ಎಂದು ಜಿಯಾಉದ್ದೀನ್ ಗಂಟಲು ಹರಿಯುವಂತೆ ಅರಚಿದ.

ಆ ಹೆಸರು. ಗಂಡ ಬದುಕಿದ್ದಾಗ ಹೇಳದ್ದು, ಹೆಣದ ಮುಂದೆ ಅತ್ತಾಗಲೂ ಹೇಳದ್ದು. ಆದರೆ ಎದುರಿಗಿದ್ದವರು ಅವಳ ಗ್ಯಾಂಗಿನವರು. ಕಣ್ಣು ಗಟ್ಟಿಯಾಗಿ ಮುಚ್ಚಿ ಕೂಗಿದಳು:

“ಕೃಷ್ಣಪ್ಪಾ!”

ಬಾಯಿಂದ ಬಂದದ್ದು ಕುದುರೆಯ ಹೆಸರಲ್ಲ, ಗಂಡನದು, ಪೂರ್ತಿ. ಬಸಮ್ಮ ತಿರುಗಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಓಡಿ ಬರುತ್ತಿದ್ದ ಕುದುರೆಗಿಂತ ಆ ಕೂಗೇ ಅವಳಿಗೆ ಹೆಚ್ಚು ಭಯ ಹುಟ್ಟಿಸಿತು. ಕುದುರೆ ಮಾತ್ರ ಕಿವಿ ಕೂಡ ಅಲ್ಲಾಡಿಸಲಿಲ್ಲ. ಈ ತೋಟಕ್ಕೆ ಬಂದ ಮೇಲೆ ತಿಮ್ಮಮ್ಮನ ಬಾಯಲ್ಲಿ ಅದು ಕೇಳದೇ ಇದ್ದ ಮಾತೆಂದರೆ ಅದೊಂದೇ.

ತಿಮ್ಮಮ್ಮ ಕಣ್ಣು ಬಿಟ್ಟಳು. ಬಣಕಲ್ಲಿನ ರಸ್ತೆಯಲ್ಲಿ ಮುಂದೆ ಮುಂದೆ ಹೋಗುತ್ತಿದ್ದ ಬೆನ್ನೊಂದು ನೆನಪಾಯಿತು. ಹೊಟ್ಟೆಯೊಳಗಿನಿಂದ ಕೂಗು ಬಂತು:

“ಇವ್ರೇ! ಸ್ವಲ್ಪ ನಿಲ್ರೀ!”

ವಿಶ್ವನಾಥ್ ತಕ್ಕಡಿ ಬಿಟ್ಟು ಅಟೆನ್ಷನ್ನಿನಲ್ಲಿ ನಿಂತ. ಚಿಕ್ಕಯ್ಯ ಹೊತ್ತಿದ್ದ ಮೂಟೆಯನ್ನು ಕಾಲ ಮೇಲೆ ಹಾಕಿಕೊಂಡ. ಓಡುತ್ತಿದ್ದ ಜಿಯಾಉದ್ದೀನ್ ಗಕ್ಕನೆ ನಿಂತು “ಎಂತ?” ಅಂದ. ಮದುವೆಯಾದ ಗಂಡಸರು ಯಾರ್‍ಯಾರು ಎಲ್ಲೆಲ್ಲಿದ್ದರೋ ಅಲ್ಲಲ್ಲೇ ನಿಂತರು. ಕುದುರೆಯೂ ನಿಂತಿತು, ಬಸಮ್ಮನ ಹಿಂದೆ, ಸಾಲಿನಲ್ಲಿ, ತನ್ನ ಜಾಗದಲ್ಲಿ.

ಸಣ್ಣಯ್ಯ ಮಾತ್ರ ನಿಲ್ಲಲಿಲ್ಲ. ಅವನಿಗೆ ಇನ್ನೂ ಮದುವೆಯಾಗಿರಲಿಲ್ಲ. ಕುದುರೆಯ ತಲೆಯ ಮೇಲಿಂದ ಹಾದು ಹಣ್ಣಿನ ರಾಶಿಗೆ ಹೋಗಿ ಬಿದ್ದ.

ಎಬ್ಬಿಸಿ ನೋಡಿದರೆ ಪೆಟ್ಟೇನೂ ಆಗಿರಲಿಲ್ಲ. ಮೂಗಿನ ಹೊಳ್ಳೆಯಲ್ಲಿ ಒಂದು ಕಾಫಿ ಹಣ್ಣಿತ್ತು. “ಮಾರ್ತೀನಿ... ನಾಳೇನೇ ಮಾರ್ತೀನಿ” ಎಂದು ತೊದಲಿದ.

ಆಗ ಬಸಮ್ಮ ಚೀಲ ಕೆಳಗಿಟ್ಟು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡಳು. ಅಷ್ಟು ದಿನ ತುದಿಯ ಹಣ್ಣಿಗೆ ಬೈಸಿಕೊಂಡವಳು ಅವಳೇ.

“ಎಂತ ಮಾತಾಡ್ತೀರಿ ಸಣ್ಣಯ್ಯ? ಮೇಸ್ತ್ರಮ್ಮ ಒಂದ್ಸಲ ಗಂಡನ್ನ ಕಳ್ಕೊಂಡಿದ್ದು ಸಾಲ್ದಾ?”

ಇಡೀ ಸಾಲು ಪ್ರಶಾಂತನನ್ನು ನೋಡಿತು. ಕುದುರೆಯೂ ನೋಡಿತು. ಪ್ರಶಾಂತ್ ಮೂಗಿನ ಹಣ್ಣು ತೆಗೆದು, ಎಲ್ಲಿಡಬೇಕೆಂದು ತಿಳಿಯದೆ ವಿಶ್ವನಾಥನ ತಕ್ಕಡಿಗೆ ಹಾಕಿದ.

“ಅವ್ರಿಗೆ ಬೆಲ್ಲ ಕೊಡು ತಿಮ್ಮಮ್ಮ. ಬೆಳಿಗ್ಗೆ ಇಬ್ರೂ ಟೈಮಿಗೆ ಸರಿಯಾಗಿ ಬನ್ನಿ” ಎಂದು ಬಂಗಲೆಯ ಕಡೆ ನಡೆದ.

ಮರುದಿನ ಮಂಜು ಸರಿಯುವ ಹೊತ್ತಿಗೆ ತಿಮ್ಮಮ್ಮ ಮೇಲಿನ ಬ್ಲಾಕಿನಲ್ಲಿದ್ದಳು. ಗ್ಯಾಂಗು ಇನ್ನೂ ಹತ್ತಿ ಬರುತ್ತಿತ್ತು. ಗಿಡಗಳ ನೆತ್ತಿ ಬೆಳಗುತ್ತಿತ್ತು. ಅವಳ ಬಾಯಲ್ಲಿ ನಿನ್ನೆಯ ಹೆಸರು ಇನ್ನೂ ಉಳಿದುಕೊಂಡಿತ್ತು. ಹೇಳಿದ್ದಕ್ಕೆ ಆಕಾಶವೇನೂ ಬಿದ್ದಿರಲಿಲ್ಲ. ಇಷ್ಟು ಎತ್ತರದಿಂದ ಕರೆದರೆ ಎಷ್ಟೇ ಮುಂದೆ ಹೋದವರಿಗೂ ಕೇಳಿಸೀತು ಅನ್ನಿಸಿತು.

“ಕೃಷ್ಣಪ್ಪಾ...” ಎಂದು ಕರೆದಳು. ಸಿಟ್ಟಿಲ್ಲದೆ, ಮೆಲ್ಲಗೆ.

ಒಂದು ರಾತ್ರಿಯಲ್ಲಿ ಕಲಿತುಕೊಂಡಿತ್ತೋ ಏನೋ, ಕುದುರೆ ನಿಂತು, ಕತ್ತು ತಿರುಗಿಸಿ ಅವಳನ್ನು ನೋಡಿತು.

ತಿಮ್ಮಮ್ಮ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡಳು.

“ನಿಮ್ಮನ್ನಲ್ಲ ಕರ್ದಿದ್ದು. ನೀವು ನಡೀರಿ.”